ಮುರುಗೆವ್ವನ ಮೊಳ

ಮ್ಹಾಪಸಾ ಮಾರ್ಕೆಟ್ಟಿನಲ್ಲಿ ಹೂ ಮಾರುವ ಸವದತ್ತಿಯ ಮುರುಗೆವ್ವನಿಗೆ ಒಂದು ಗಟ್ಟಿ ನಂಬಿಕೆಯಿತ್ತು: ಈ ಲೋಕದಲ್ಲಿ ನೆಟ್ಟಗಿರುವ ಅಳತೆ ತನ್ನ ಬಲಗೈಯೊಂದೇ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಮಾಲೆ ಹಿಡಿದು ಕತ್ತರಿಸಿದಳೆಂದರೆ ಅದು ಮೊಳ, ಗಿರಾಕಿ ಮರುಮಾತಾಡುವಂತಿಲ್ಲ. ಪಕ್ಕದ ಹೂವಿನವ ಟೇಪು ತಂದಾಗ, ಸ್ವಂತ ಕೈಯ ಮೇಲೆ ಭರವಸೆ ಇಲ್ಲದವರ ಉಪಾಯವದು ಎಂದು ನಕ್ಕಿದ್ದಳು.

ಆ ಕೈಯೇ ಮುರಿಯಿತು. ಸೇವಂತಿಗೆಗೆ ನೀರು ಚಿಮುಕಿಸಿ, ತಾನೇ ಒದ್ದೆ ಮಾಡಿದ ಕಲ್ಲಿನ ಮೇಲೆ ಜಾರಿ, ಮೊಣಕೈ ಊರಿ ಬಿದ್ದಳು. ಎಕ್ಸರೇ ನೋಡಿದ ಡಾಕ್ಟರು, ಮೊಣಕೈಯ ಕೆಳಗೇ ಎಲುಬು ಮುರಿದು ಸರಿದಿದೆ, ಬರೀ ಪ್ಲಾಸ್ಟರು ಸಾಲದು, ಪ್ಲೇಟು ಕೂಡಿಸಿ ಸ್ಕ್ರೂ ಬಿಗಿಯಬೇಕು ಎಂದರು. ಮುರುಗೆವ್ವ ನೋವನ್ನು ಪಕ್ಕಕ್ಕಿಟ್ಟು ಕೇಳಿದ್ದು ಬೇರೆಯೇ.

“ಡಾಕ್ಟರ್ರ, ನನ್ನ ಮೊಳ ಕಡಿಮಿ ಆಗಂಗಿಲ್ಲ ಹೌದಿಲ್ರಿ?”

ಕನ್ನಡ ಬಾರದ ಡಾಕ್ಟರಿಗೆ ಸೊಸೆ ಪ್ರತಿಮಾ ಇದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಡಾಕ್ಟರು ನಗದೆ ಪ್ಲೇಟು ತೋರಿಸಿದರು: ಬೆರಳುದ್ದದ ಲೋಹದ ಪಟ್ಟಿ, ಉದ್ದಕ್ಕೂ ತೂತು, ಮೊಣಕೈಯ ಹಿಂಬದಿಗೆ ಒಪ್ಪುವಂತೆ ಒಂದು ತುದಿ ಬಾಗಿದ್ದು. ಮುರಿದ ತುಂಡುಗಳನ್ನು ಮೊದಲಿನ ಜಾಗದಲ್ಲೇ ಹಿಡಿದಿಡುವುದಷ್ಟೇ ಇದರ ಕೆಲಸ, ಕೈ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದರು.

ಆಪರೇಶನ್ ಆಗಿ ಎಲುಬು ಕೂಡುವತನಕ ಅಂಗಡಿಯಲ್ಲಿ ಪ್ರತಿಮಾ ಕೂತಳು. ಅವಳು ಎತ್ತರದ ಹೆಣ್ಣುಮಗಳು. ಅವಳ ಮೊಳ ಅತ್ತೆಯದಕ್ಕಿಂತ ಅಡ್ಡಕ್ಕೆ ನಾಲ್ಕು ಬೆರಳು, ಅಂದರೆ ಒಂದು ಬೆರಳುದ್ದ ಹೆಚ್ಚು. ಇದನ್ನು ಮೊದಲು ಕಂಡುಹಿಡಿದವಳು ಎದುರಿನ ಬಳೆಯಂಗಡಿಯ ಫಿರ್ದೋಸ. ಬಳೆ ತೊಡಿಸಿ ತೊಡಿಸಿ, ಮ್ಹಾಪಸಾದ ಕೈಗಳೆಲ್ಲ ತನ್ನ ಸುಪರ್ದಿಯಲ್ಲಿವೆ ಎಂದು ತಿಳಿದವಳು ಆಕೆ. ಸುದ್ದಿ ಹಬ್ಬಿತು, ಹೂವಿನ ಬುಟ್ಟಿ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು.

ಮುರುಗೆವ್ವ ಮರಳಿ ಬಂದು ಅಳೆದುಕೊಟ್ಟ ಮೊದಲ ಮಾಲೆಯನ್ನು ಫಿರ್ದೋಸ ಜಡೆಗೆ ಸುತ್ತಿಕೊಂಡಳು. ಅದು ಪ್ರತಿಮಾ ಕೊಡುತ್ತಿದ್ದ ಮಾಲೆಯಷ್ಟು ಸುತ್ತು ಬರಲಿಲ್ಲ.

“ಅಕ್ಕಾ, ಪ್ಲೇಟು ಎಲುಬು ಎಳಕೊಂಡೈತಿ. ನಾ ದಿನಾ ಕೈ ಹಿಡಿಯಾಕಿ, ನನಗ ಗೊತ್ತಾಗಂಗಿಲ್ಲೇನು?”

“ನೀ ಹಿಡಿಯೂದು ಮುಂಗೈ. ಮೊಣಕೈ ಸುದ್ದಿ ನಿನಗ್ಯಾಕ?”

ಆದರೆ ನಿಂತ ಗಿರಾಕಿಗಳೆಲ್ಲ, ಸೊಸೆಯೇ ಅಳೆಯಲಿ ಎಂದರು. ಮುರುಗೆವ್ವನ ಮುಖ ಬಾಡಿತು. ಅಳತೆ ಕೈಬಿಟ್ಟರೆ ತಾನು ಬರೀ ಹೂ ಕಟ್ಟುವವಳು; ಅಂಗಡಿಯ ಕಟ್ಟೆಯ ಮೇಲೆ ಕೂತೂ ಕೂರದ ಹಾಗೆ.

ಮುಂದಿನ ಸಲ ಕೈ ತೋರಿಸಲು ಹೋದಾಗ ಮಾಲೆಯೊಂದನ್ನು ಒಯ್ದಳು. ಡಾಕ್ಟರು ಅವಳ ಎರಡೂ ಕೈಗಳನ್ನು ಮೇಜಿನ ಮೇಲೆ ಜೋಡಿಸಿ, ಮಾಲೆಯಲ್ಲೇ ಅಳೆದು, ಸರಿಸಮ ಎಂದರು. ಪ್ಲೇಟು ಕಾಣುವ ಹೊಸ ಎಕ್ಸರೇಯನ್ನು ಮುರುಗೆವ್ವ ಅಂಗಡಿಯಲ್ಲಿ ಮಾಲೆಗಳ ನಡುವೆ ನೇತುಹಾಕಿದಳು. ಗಿರಾಕಿಗಳು ಅದನ್ನು ಭಕ್ತಿಯಿಂದಲೇ ನೋಡಿದರು. ನೋಡಿ, ಪ್ರತಿಮಾಳ ಕಡೆ ತಿರುಗಿದರು.

ಪ್ರತಿಮಾ ಕೈ ಚಾಚಲಿಲ್ಲ. “ಅತ್ತಿ, ಅಳತಿ ನೀವ ಮಾಡ್ರಿ. ಮ್ಯಾಲ ಒಂದು ಪ್ಲೇಟಿನಷ್ಟು ಬಿಡ್ರಿ,” ಎಂದಳು.

ಮುರುಗೆವ್ವ ಎಕ್ಸರೇಯತ್ತ ನೋಡಿದಳು. ಸೋತಂತೆ ಕಾಣದೆ ಕೊಡಬಹುದಾದ ನಾಲ್ಕು ಬೆರಳು ಅಲ್ಲಿತ್ತು. ಒಳಗೆ ಕೂತ ಲೋಹಕ್ಕೂ ಒಂದು ಪಾಲು ಸಲ್ಲಬೇಕಾದದ್ದೇ ಎಂದು ದೊಡ್ಡದಾಗಿ ಸಾರಿ, ಮಾಲೆಯನ್ನು ಮೊಳ ಅಳೆದು, ಬೆರಳುದ್ದ ಮುಂದೆ ಕತ್ತರಿಸಿದಳು.

ಈಗ ಫಿರ್ದೋಸ ಹೂವಿಗೆ ಬಂದರೆ ಮೊದಲು ಕೇಳುವುದೇ ಪ್ಲೇಟಿನ ಪಾಲು. ಮುರುಗೆವ್ವ ಅದನ್ನು ಕೊಡುತ್ತ ಪಕ್ಕದ ಹೂವಿನವನಿಗೆ ಕೇಳಿಸುವಂತೆ ವಿಚಾರಿಸುತ್ತಾಳೆ:

“ಯಾಕಪಾ, ನಿನ್ನ ಟೇಪಿನ್ಯಾಗ ಪ್ಲೇಟ್ ಐತೇನು?”