ಎಣ್ಣೆ ಹಚ್ಚದ ಯಂತ್ರ

ಎಂಬತ್ತರ ದಶಕದಲ್ಲಿ ನಾನು ಮಣಿಪಾಲದಲ್ಲಿ ಫಾರ್ಮಸಿ ಓದುತ್ತಿದ್ದೆ. ಕಾರ್ಖಾನೆಯ ದೊಡ್ಡ ಯಂತ್ರ ಪುಡಿಯನ್ನು ಒತ್ತಿ ಮಾತ್ರೆ ಮಾಡುತ್ತದಲ್ಲ, ಅದರ ಒಂದೇ ಒಂದು ಏಟನ್ನು ಅನುಕರಿಸುವ ಯಂತ್ರಗಳು ಆಗ ವಿದೇಶದಲ್ಲಿದ್ದವು. ಹಿಡಿ ಪುಡಿಯಿದ್ದರೆ ಸಾಕು, ಕಾರ್ಖಾನೆಯಲ್ಲಿ ಏನಾಗುತ್ತದೆಂದು ಮೊದಲೇ ತಿಳಿಯುತ್ತದೆ. ನಮಗೆ ಅದು ಸಿಕ್ಕಿದ್ದು ಚಿತ್ರದಲ್ಲಿ ಮಾತ್ರ. ನನ್ನ ಗೈಡ್ ಕಾರ್ಕಳದವರು, ಚಿತ್ರ ನೋಡಿ ಸುಮ್ಮನಿರುವ ಜನವಲ್ಲ. ಊರಿನ ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿ, ಮೇಲಿನಿಂದ ಬೀಳುವ ಭಾರಕ್ಕೆ ಅಲ್ಲಿಯದೇ ಕರಿಕಲ್ಲು ಕಡಿಸಿ ತಂದರು. ಹಗ್ಗ ಬಿಟ್ಟರೆ ಕಲ್ಲು ಬಿದ್ದು, ಅಚ್ಚಿನೊಳಗಿನ ಪುಡಿ ಮಾತ್ರೆಯಾಗುತ್ತಿತ್ತು. ಕೆಳಗಿನ ತರಗತಿಯವರು ಸದ್ದಿಗೆ ಬೈದರೆ ಸರ್‌ಗೆ ಅದು ಹೊಗಳಿಕೆಯಾಗಿ ಕೇಳುತ್ತಿತ್ತು.

ನನ್ನ ಮಾತ್ರೆಗಳು ಬೇಸಿಗೆಯಿಡೀ ಹಟ ಹಿಡಿದವು. ಅಚ್ಚಿನಿಂದ ಹೊರಬರುವಾಗ ನೆತ್ತಿ ಟೊಪ್ಪಿಯಂತೆ ಕಳಚಿಕೊಳ್ಳುತ್ತಿತ್ತು. ನನಗೋ ಅವಸರ. ದುಬೈಯಲ್ಲಿದ್ದ ಹುಡುಗ ರಜೆಯಲ್ಲಿ ಬಂದು, ನಿಕಾಹ್ ಮುಗಿಸಿ ನನ್ನನ್ನು ಕರೆದೊಯ್ಯುವುದೆಂದು ಕಾಪುವಿನ ನಮ್ಮ ಮನೆಯಲ್ಲಿ ನಿಶ್ಚಯವಾಗಿತ್ತು. ಅಷ್ಟರೊಳಗೆ ಪ್ರಬಂಧ ಮುಗಿಯದಿದ್ದರೆ ಓದು ಅಲ್ಲಿಗೇ ನಿಂತಂತೆ. ಮಳೆ ಹಿಡಿದದ್ದೇ ತಡ, ಮಾತ್ರೆಗಳು ಇಡಿಯಾಗಿ, ಹೊಳೆಯುತ್ತಾ ಬರತೊಡಗಿದವು. ಪುಡಿಗೆ ಹಾಕುವ ಅಂಟು ಬದಲಿಸಿದ್ದರ ಫಲವೆಂದು ಇಬ್ಬರೂ ಬೀಗಿದೆವು.

ಒಂದು ಬೆಳಿಗ್ಗೆ ಮಾತ್ರೆಯೊಂದನ್ನು ಮುರಿದು ಮೂಸಿದೆ. ತೆಂಗಿನೆಣ್ಣೆಯ ವಾಸನೆ.

"ಸರ್, ಅಚ್ಚಿಗೆ ಎಣ್ಣೆ ಹಚ್ಚಿದ್ದು ಯಾರು?"

"ನಾನೇ. ಮಳೆಗಾಲದಲ್ಲಿ ಕಬ್ಬಿಣವನ್ನು ಹಾಗೇ ಬಿಡ್ಲಿಕ್ಕೆ ಉಂಟಾ ಮಾರಾಯ್ತಿ? ದಿನಾ ಸಂಜೆ ಎಣ್ಣೆ ಒರೆಸಿಯೇ ನಾನು ಮನೆಗೆ ಹೋಗುವುದು."

ಬೈಯುವಂತೆಯೂ ಇರಲಿಲ್ಲ. ನಮ್ಮ ಮನೆಯಲ್ಲೂ ಕತ್ತಿಗೆ, ಬಾಗಿಲ ಚಿಲಕಕ್ಕೆ ಮಳೆಗಾಲದಲ್ಲಿ ಅದೇ ಉಪಚಾರ. ಅಚ್ಚನ್ನು ಸ್ಪಿರಿಟಿನಲ್ಲಿ ತೊಳೆದೆ. ಸರ್ ಹಗ್ಗ ಬಿಟ್ಟರು. ಮಾತ್ರೆಯ ಟೊಪ್ಪಿ ಹಾರಿತು. ಇಷ್ಟು ದಿನ ಅದನ್ನು ಉಳಿಸಿದ್ದು ಎಣ್ಣೆಯ ಜಾರಿಕೆ, ನಮ್ಮ ಅಂಟಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಸರ್ ಕಲ್ಲನ್ನು ಮೇಲೆಳೆದು ಹಗ್ಗ ಕಟ್ಟಿದರು. "ಈಗ ಇರುವ ಫಲಿತಾಂಶವನ್ನೇ ಕೊಡು. ಯಾರಾದರೂ ಕೇಳಿದರೆ ನಾನು ಹೇಳ್ತೇನೆ. ನಿನ್ನ ಮದುವೆ ಉಂಟಲ್ಲ."

"ಬೇಡ ಸರ್. ಪುನಃ ಮಾಡ್ತೇನೆ."

ಮನೆಯಲ್ಲಿ ಉಮ್ಮ ಹಣೆ ಚಚ್ಚಿಕೊಂಡರು. "ಒಂದು ಮಾತ್ರೆಗೋಸ್ಕರ ಗಂಡನನ್ನು ಒಬ್ಬನೇ ಕಳಿಸುವುದಾ? ಜನ ಎಂತ ಹೇಳಿಯಾರು?" ಜನ ಹೇಳುವುದನ್ನೆಲ್ಲ ಹೇಳಿದರು. ನಿಕಾಹ್ ಗೊತ್ತುಮಾಡಿದ ದಿನಕ್ಕೇ ನಡೆಯಿತು, ಅವರು ಒಬ್ಬರೇ ವಿಮಾನ ಹತ್ತಿದರು. ನಾನು ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋಗಿ ಕಲ್ಲು ಬೀಳಿಸುತ್ತಿದ್ದೆ. ಕರಾವಳಿಯ ಗಾಳಿಯ ತೇವಕ್ಕೆ ಹೆದರಿ ನಾವು ಮೊದಲಿನಿಂದಲೂ ಪುಡಿಯನ್ನು ಅತಿಯಾಗಿ ಒಣಗಿಸುತ್ತಿದ್ದೆವೆಂದು ಕೊನೆಗೆ ಗೊತ್ತಾಯಿತು. ಸ್ವಲ್ಪ ಪಸೆ ಉಳಿಸಿದಾಗ ಮಾತ್ರೆ ಎಣ್ಣೆಯ ಹಂಗಿಲ್ಲದೆ ಇಡಿಯಾಗಿ ಬಂತು.

ಪ್ರಬಂಧ ಒಪ್ಪಿಸಿದ ದಿನ ಹೇಳಿ ಹೋಗಲು ಪ್ರಯೋಗಾಲಯಕ್ಕೆ ಬಂದೆ. ಅಚ್ಚೊಂದು ಮಾತ್ರ ಒಣಬಟ್ಟೆಯ ಉಜ್ಜಾಟಕ್ಕೆ ಹೊಳೆಯುತ್ತಿತ್ತು. ಸರ್ ಆಸೆಪಟ್ಟು ಮಾಡಿಸಿದ ಚೌಕಟ್ಟು ಬುಡದಿಂದ ತುದಿಯವರೆಗೆ ತುಕ್ಕು ಹಿಡಿದು ಕೆಂಪಾಗಿತ್ತು. ದಿನವೂ ಎದುರಿಗಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸರ್ ಕಪಾಟಿನಿಂದ ಎಣ್ಣೆಯ ಬಾಟ್ಲಿ ತೆಗೆದರು, ಮುಚ್ಚಳ ಮಾತ್ರ ಬಿಚ್ಚಲಿಲ್ಲ.

"ನಿನ್ನದು ಮುಗಿಯಿತಲ್ಲ?" ಎಂದು ನನ್ನನ್ನು ಕೇಳಿದರು. "ಇನ್ನು ಹಚ್ಚಬಹುದಾ?"