ಕಬ್ಬಿನೊಳಗೆ ಚಿರತೆ ಇರಲಿಲ್ಲ

ಸಾಂವಕ್ಕ, ಆ ದಿನ ಕಬ್ಬಿನೊಳಗೆ ಚಿರತೆ ಇರಲಿಲ್ಲ. ನಾನು ಸುಳ್ಳು ಕೂಗಿದೆ. ಆ ಕೂಗಿಗೆ ಹೆದರಿ ಓಡಿಯೇ ನೀನು ಬಿದ್ದೆ, ನಿನ್ನ ಎಡಗಣ್ಣು ಹೋಯಿತು. ಇಷ್ಟು ವರ್ಷ ಇದನ್ನು ನಿನ್ನಿಂದ ಮುಚ್ಚಿಟ್ಟವಳು ನಾನು — ನಿನ್ನ ಜೊತೆ ಒಂದೇ ತಾಟಿನಲ್ಲಿ ಉಂಡವಳು.

ಗ್ಯಾಂಗಿನೊಡನೆ ಕಬ್ಬು ಕಡಿಯಲು ನಾವು ಬೀಳಗಿಯ ಕಡೆಯಿಂದ ಹೊರಡುತ್ತಿದ್ದ ಆ ವರ್ಷಗಳು ನೆನಪಿವೆಯಲ್ಲ? ಪಾತ್ರೆ, ಹಾಸಿಗೆ, ಕೋಳಿ, ಕೂಸು ಎಲ್ಲ ಒಂದೇ ಟ್ರೇಲರಿನಲ್ಲಿ. ಜಮಖಂಡಿಯ ಹೊಲ ಮುಗಿದರೆ ತೇರದಾಳ, ಅದು ಮುಗಿದರೆ ಮುಧೋಳದ ಕಡೆ. ತಾಡಪತ್ರಿಯ ಗುಡಿಸಲು ಹಾಕಿ ನೆಲ ಸಾರಿಸುವಷ್ಟರಲ್ಲಿ ಮತ್ತೆ ಗೂಟ ಕೀಳುವ ಹೊತ್ತು. ಗ್ಯಾಂಗು ಕಟ್ಟಿ ಕರೆದೊಯ್ಯುತ್ತಿದ್ದವನು ಮುಕಾದಮ ಪರಸಪ್ಪ. ಯಾವ ಹೊಲ, ಯಾರಿಗೆ ಯಾವ ಸಾಲು — ಎಲ್ಲ ಅವನು ಹೇಳಿದಂತೆ. ನಿನಗೆ ಅವನು ಅಣ್ಣನ ಹಾಗಿದ್ದ. ನಾನು ಅವನ ಚಪ್ಪಲಿಯ ಸಪ್ಪಳ ಕೇಳಿದರೇ ಹೆಂಗಸರ ನಡುವೆ ಸರಿದುಕೊಳ್ಳುತ್ತಿದ್ದೆ...

ಆ ಸಲ ರನ್ನ ಬೆಳಗಲಿಯ ಹೊಲದಲ್ಲಿ ನನ್ನನ್ನು ಎಲ್ಲರಿಂದ ದೂರ, ಒಳಗಿನ ಸಾಲಿಗೆ ಹಾಕಿದ. ನನ್ನ ಗಂಡ ಹೊಲದ ಆಚೆ ತುದಿಯಲ್ಲಿ ಟ್ರ್ಯಾಕ್ಟರಿಗೆ ಕಬ್ಬು ಹೇರುತ್ತಿದ್ದ. ಆಳು ಮುಳುಗುವಷ್ಟು ಎತ್ತರದ ಕಬ್ಬು; ಚಾಚಿದ ಕೈಯಾಚೆ ಏನೂ ಕಾಣದು. ಹಿಂದೆ ಸೋಗೆ ಸರಕ್ಕೆಂದಿತು. ತಿರುಗುವಷ್ಟರಲ್ಲಿ ಪರಸಪ್ಪ ನನ್ನ ಕೈ ಹಿಡಿದು ತಿರುವಿದ್ದ. ಕುಡುಗೋಲು ಕೆಳಗೆ ಬಿತ್ತು.

“ಒದರಬ್ಯಾಡ. ಒದರಿದ್ರ ಹೋಗೂದು ನಿನ್ನ ಮಾನ” ಅಂದ.

ಒದರಬೇಕೆಂದೇ ಬಾಯಿ ತೆರೆದೆ. ಆದರೆ ಏನೆಂದು? ಅವನ ಹೆಸರು ನಾಲಿಗೆಗೆ ಬರಲಿಲ್ಲ. ಸುತ್ತಲಿನ ಹೊಲಗಳಲ್ಲಿ ಆಗ ಚಿರತೆಯದೇ ಸುದ್ದಿ. ಬಾಯಿಗೆ ಅದೇ ಬಂತು —

“ಚಿರತಿ! ಚಿರತಿ ಬಂತ್ರೆಪ್ಪೋ!”

ಅವನು ಕೈ ಬಿಟ್ಟ. ಗ್ಯಾಂಗಿಗೆ ಗ್ಯಾಂಗೇ ಎದ್ದು ಓಡಿತು. ಆಮೇಲೆ ಕೇಳಿಸಿದ್ದು ನಿನ್ನ ಚೀರಾಟ. ಕಡಿದ ಕಬ್ಬಿನ ಚೂಪಾದ ಕೂಳೆಯ ಮೇಲೆ ನೀನು ಮುಖ ಅಡಿಯಾಗಿ ಬಿದ್ದಿದ್ದೆ. ಕಣ್ಣಿಗೆ ಒತ್ತಿ ಹಿಡಿದ ಬೆರಳುಗಳ ಸಂದಿಯಿಂದ ರಕ್ತ —

ನಿನ್ನನ್ನು ಎತ್ತಿ ಬೈಕಿನ ಮೇಲೆ ಮುಧೋಳದ ದವಾಖಾನೆಗೆ ಒಯ್ದವನೂ ಅವನೇ. ಸಂಜೆ ಬಂದು ಎಲ್ಲರೆದುರು, ನನ್ನನ್ನೇ ನೋಡುತ್ತ, “ಚಿರತಿ ನಾನೂ ನೋಡೀನಿ” ಅಂದ. ನನ್ನ ಸುಳ್ಳಿಗೆ ಅವನು ಸಾಕ್ಷಿಯಾದ. ಇನ್ನು ಬಾಯಿ ಬಿಟ್ಟರೆ ಎರಡೂ ಹೊರಬರುತ್ತಿದ್ದವು — ಅವನು ಮಾಡಿದ್ದೂ, ನನ್ನಿಂದಾದದ್ದೂ. ಗಂಡ ನಂಬುತ್ತಾನೋ ಇಲ್ಲವೋ, ನೀನು ಏನನ್ನುತ್ತೀಯೋ... ಸುಮ್ಮನಾದೆ. ಮುಂದಿನ ವರ್ಷ ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ಗ್ಯಾಂಗು ಬಿಟ್ಟೆ, ಬನಹಟ್ಟಿಗೆ ಬಂದು ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸ ಹಿಡಿದೆ. ನಾನು ಪಾರಾದೆ. ಆ ಒಳಗಿನ ಸಾಲಿಗೆ ಅವನು ಮತ್ತೆ ಯಾರನ್ನು ಹಾಕಿದನೋ — ಕೇಳಲಿಲ್ಲ. ಕೇಳಲು ಹೆದರಿದೆ.

ನಿನ್ನೆ ನಿನ್ನ ಫೋನು ಬಂತು. ಮಗಳ ಸುದ್ದಿ.

“ನಮ್ಮ ರೇಣುಕಾ, ಅಳಿಯಾ ಇಬ್ಬರೂ ಈ ಸಲ ಪರಸಪ್ಪಣ್ಣನ ಗ್ಯಾಂಗಿಗೆ ಹೊಂಟಾರ. ನಾಡಿದ್ದ ಟ್ರ್ಯಾಕ್ಟರ್ ಬರತೈತಿ.”

“ಬ್ಯಾಡ ಸಾಂವಕ್ಕ, ಕಳಸಬ್ಯಾಡ.”

“ಯಾಕ ಬೇ?”

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದೇನು — “ಕಬ್ಬಿನ್ಯಾಗ ಚಿರತಿ ಇರ್ತಾವ.”

ನೀನು ನಕ್ಕುಬಿಟ್ಟೆ. “ಹುಚ್ಚಿ, ಅವತ್ತ ನನ್ನ ಉಳಿಸಿದಾಂವ ಜೋಡಿ ಇರ್ತಾನಲ್ಲ. ಮಗಳಂಗ ನೋಡ್ಕೋತಾನ.”

ಫೋನು ಇಟ್ಟವಳೇ ಬಸ್ಸಿನ ಹಣ ಎಣಿಸಿಟ್ಟುಕೊಂಡೆ.

ಈಗ ಬೀಳಗಿಯ ಬಸ್ಸಿನಲ್ಲಿ ಕುಳಿತಿದ್ದೇನೆ. ರಸ್ತೆಯ ಎರಡೂ ಬದಿಗೆ ಕಬ್ಬು ಬೆಳೆದು ನಿಂತಿದೆ, ಕಿಟಕಿಯಾಚೆ ನೋಡಲಾಗುತ್ತಿಲ್ಲ. ಪರಸಪ್ಪನ ಹೆದರಿಕೆ ನನಗಿನ್ನೂ ಹೋಗಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ, ಎಲ್ಲ ಕೇಳಿದ ಮೇಲೆ ನೀನು ನನ್ನನ್ನು ನೋಡುವ ಆ ನೋಟದ್ದು. ಆದರೂ ರೇಣುಕಾಳನ್ನು ಎದುರಿಗೆ ಕೂರಿಸಿಕೊಂಡು ಮೊದಲು ಪರಸಪ್ಪ ಮಾಡಿದ್ದನ್ನು ಹೇಳುತ್ತೇನೆ. ನಿನ್ನ ಕಣ್ಣಿನ ವಿಷಯ ಆಮೇಲೆ. ನೀನು ಅಂಗಳದಿಂದಲೇ ನನ್ನನ್ನು ಅಟ್ಟಿದರೆ — ಅಟ್ಟು. ಮಗಳನ್ನು ಮಾತ್ರ ಆ ಟ್ರ್ಯಾಕ್ಟರ್ ಹತ್ತಿಸಬೇಡ.