ಅತ್ತೆ ಉಡದ ನೇರಳೆ ಸೀರೆ

ಮೈಸೂರಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದುತ್ತಿರುವ ಮಗಳು ಹೋದ ಚಳಿಗಾಲ ಹುಣಸೂರಿನ ಮನೆಗೆ ಬಂದಾಗ ಬ್ಯಾಗಿನಿಂದ ಮೊದಲು ತೆಗೆದದ್ದು ಒಂದು ಹತ್ತಿ ಸೀರೆ. ನೇರಳೆ ಬಣ್ಣ, ಆದರೆ ಅಂಗಡಿಯದರಂತೆ ಕಣ್ಣಿಗೆ ಹೊಡೆಯುವ ನೇರಳೆಯಲ್ಲ. ಮಡಿಕೆ ಬಿಚ್ಚಿದಲ್ಲೆಲ್ಲ ಒಂದೊಂದು ಛಾಯೆ. ಸೆರಗಿನ ಮೂಲೆಯಲ್ಲಿ ಬಣ್ಣ ಹಿಡಿಯದೆ ಬೆರಳಗಲ ಬಿಳುಪು ಉಳಿದಿತ್ತು. ಅಂತರಸಂತೆ ಕಡೆಯ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಗಾಜಿನ ಬುಡ್ಡಿಗಳಲ್ಲಿ ಬೆಳೆಸಿ, ಬಣ್ಣ ತೆಗೆದು, ತಾನೇ ಅದ್ದಿದ್ದಳು. ಕಾರ್ಖಾನೆಯ ಬಣ್ಣದ ನೀರು ಹೊಳೆ ಸೇರುವುದು ಹೀಗಾದರೂ ತಪ್ಪಲಿ ಎನ್ನುತ್ತಿದ್ದಳು. ಮೊದಲ ಸೀರೆ ಅಜ್ಜಿಯೇ ಉಡಬೇಕೆಂಬುದು ಅವಳ ಆಸೆ.

ಭೇರ್ಯದ ಕಡೆಯವರಾದ ನಮ್ಮತ್ತೆ ಲಿಂಗಪೂಜೆ ಆಗದೆ ನೀರು ಕುಡಿಯುವವರಲ್ಲ. ಯಾವ ಹೊಸ ಬಟ್ಟೆ ಬಂದರೂ ಅಂಚಿಗೆ ವಿಭೂತಿ ಹಚ್ಚಿಯೇ ಉಡುವುದು. ಅಂದೂ ಬೆರಳಿಗೆ ವಿಭೂತಿ ತೆಗೆದುಕೊಂಡರು.

“ಏನ್ ಚೆಂದಾಗದೆ ಕೂಸೇ. ಯಾವ ಅಣ್ಣಿಂದು?”

“ಹಣ್ಣಲ್ಲ ಅಜ್ಜಿ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಸಾಕಿ ಬೆಳೆಸಿ, ಆಮೇಲೆ ಬೇಯಿಸಿ ಬಣ್ಣ ತೆಗೀತೀವಿ.”

“ಬೇಯ್ಸುದ್ರೆ ಬದುಕ್ತವಾ?”

“ಇಲ್ಲ.”

ಅತ್ತೆ ಬೆರಳಿನ ವಿಭೂತಿಯನ್ನು ತಮ್ಮ ಹಣೆಗೇ ಒರೆಸಿಕೊಂಡರು. “ಸಾಕಿ ಸಾಯ್ಸದು ನಮ್ಮನೇಲಿಲ್ಲ ಕಣವ್ವ.”

ಮಗಳು ನಕ್ಕಳು. “ಮೊಸರಲ್ಲೂ ಇಂಥವೇ ಇರೋದು ಅಜ್ಜಿ, ಅದೂ ಜೀವಂತವಾಗಿ. ದಿನಾ ಕಲೆಸ್ಕೊಂಡು ತಿಂತೀರಲ್ಲ?”

ವಾದ ಗೆಲ್ಲಲೆಂದು ಆಡಿದ ಮಾತು. ಮಧ್ಯಾಹ್ನ ನಾನು ಮೊಸರಿನ ಸೌಟು ಹಿಡಿದು ಹೋದರೆ ಅತ್ತೆ ತಟ್ಟೆಗೆ ಕೈ ಅಡ್ಡ ಹಿಡಿದರು.

“ಇಷ್ಟ್ ದಿನ ಗೊತ್ತಿರ್ನಿಲ್ಲ. ಗೊತ್ತಾದ್ಮೇಲೆ ಎಂಗ್ ತಿನ್ಲಿ?”

ಮಗಳ ಮುಖ ಸಣ್ಣದಾಯಿತು. ತಮಾಷೆಗೆ ಅಂದೆ ಅಂದಳು, ಅವಕ್ಕೆ ನೋವು ತಿಳಿಯುವ ನರವೇ ಇಲ್ಲ ಅಂದಳು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಸಿಟ್ಟಾಗಿದ್ದರೆ ವಾಸಿಯಿತ್ತು; ಸಿಟ್ಟು ಇಳಿಯುತ್ತದೆ. ಹಲ್ಲು ಹೋದಮೇಲೆ ಮೊಸರನ್ನದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವರು ಈಗ ತಿಳಿಸಾರಿನಲ್ಲಿ ಅನ್ನ ಹಿಸುಕಿ ಹಿಸುಕಿ ನುಂಗುತ್ತಾರೆ. ಕುತ್ತಿಗೆಯ ಹತ್ತಿರ ರವಿಕೆ ಸಡಿಲವಾಗಿದೆ. ಡಾಕ್ಟರು ಹೇಳಿ ನೋಡಿದರು, ಮನೆಯವರು ಗದರಿ ನೋಡಿದರು.

ಸೀರೆಯನ್ನು ಅತ್ತೆಯೇ ನನ್ನ ಕೈಗಿಟ್ಟರು. “ನೀನೇ ಉಟ್ಕೊ ಬುಡು. ಕಾನ್ವೆಂಟಲ್ಲಿ ಓದ್ದೋಳು, ನಿಂಗೆ ಇವೆಲ್ಲ ತಟ್ಟಕಿಲ್ಲ.”

ಯುಗಾದಿಗೆ ಮಗಳು ಬಂದ ದಿನ ಅದನ್ನೇ ಉಟ್ಟಿದ್ದೆ. ಬಾಗಿಲಲ್ಲೇ ನಿಂತು ನೋಡಿದಳು. “ನಿಂಗೆ ಒಪ್ಪುತ್ತೆ ಅಮ್ಮ,” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು. ಬುಡ್ಡಿ, ಬಣ್ಣ, ಲ್ಯಾಬು ಯಾವುದರ ಸುದ್ದಿಯನ್ನೂ ಎತ್ತಲಿಲ್ಲ. ಹಿಂದೆಲ್ಲ ನಾವು ಸಾಕು ಅನ್ನುವವರೆಗೆ ಹೇಳುತ್ತಿದ್ದ ಹುಡುಗಿ.

ಊಟಕ್ಕೆ ಅಜ್ಜಿಯ ಪಕ್ಕ ಕೂತಳು. ಮೊಸರು ಬಡಿಸಲು ಹೋದರೆ ಬೇಡವೆಂದಳು.

“ಆಕುಸ್ಕೊ ಕೂಸೇ,” ಅಂದರು ಅತ್ತೆ. “ಓದೋರ್ಗೆ ತಂಪು ಬೇಕು.”

ಅವಳು ಮೊಸರು ಹಾಕಿಸಿಕೊಂಡು, ಆಮೇಲೆ ತಲೆ ಎತ್ತದೆ ತಿಂದಳು.